ಬಿಪಿ ಗುಳಿಗೆಯನ್ನು ನಡುವೆ ಬಿಡಬೇಡಿ: ರಾಯಚೂರು, ದೇವದುರ್ಗ, ಮಾನ್ವಿಯ ಮನೆಮನೆಗೊಂದು ಮನವಿ



ನಮ್ಮ ಜಿಲ್ಲೆಗೆ ಏಮ್ಸ್ ಬೇಕೆಂದು ರಾಯಚೂರಿನ ಜನ 2022ರ ಮೇ ತಿಂಗಳಲ್ಲಿ ಧರಣಿ ಕೂತರು. ಬಿಸಿಲು ಮಳೆ ಎನ್ನದೆ ಆ ಧರಣಿ ಸಾವಿರ ದಿನ ದಾಟಿತು. ಬೇಡಿಕೆ ನ್ಯಾಯವಾದದ್ದೇ. ಲಕ್ವ ಹೊಡೆದವರನ್ನು, ಎದೆ ಹಿಡಿದವರನ್ನು, ಕಿಡ್ನಿ ಕೆಟ್ಟವರನ್ನು ಎತ್ತಿಕೊಂಡು ಹೈದರಾಬಾದಿಗೋ ಕರ್ನೂಲಿಗೋ ಬೆಂಗಳೂರಿಗೋ ಓಡುವ ಸಂಕಟ ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಮೂರೂ ಕಾಯಿಲೆಗೆ ದಾರಿ ಮಾಡಿಕೊಡುವ ರಕ್ತದೊತ್ತಡವನ್ನು ಹತೋಟಿಯಲ್ಲಿಡಲು ಬಹುತೇಕ ಜನರಿಗೆ ಏಮ್ಸ್ ಬೇಕಿಲ್ಲ. ಊರ ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು, ದಿನಕ್ಕೆ ಒಂದೋ ಎರಡೋ ಗುಳಿಗೆ ಸಾಕು. ಆ ಗುಳಿಗೆಯನ್ನು ಹೇಳಿದಂತೆ ತಗೊಳ್ಳಿ, ನಡುವೆ ಬಿಡಬೇಡಿ, ನಿಮ್ಮಷ್ಟಕ್ಕೆ ನೀವೇ ಬದಲಿಸಬೇಡಿ ಎಂದು ಕೈಮುಗಿದು ಕೇಳುವುದಕ್ಕೇ ಈ ಬರಹ.

ಇದು ಎಲ್ಲೋ ನಾಲ್ಕು ಜನರ ಕಾಯಿಲೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದ ಪ್ರತಿ ನೂರು ವಯಸ್ಕರಲ್ಲಿ ಸುಮಾರು 35 ಮಂದಿಗೆ ಅಧಿಕ ರಕ್ತದೊತ್ತಡವಿದೆ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿದ ಮಾತು ಇನ್ನೂ ಕಳವಳದ್ದು: ಜಗತ್ತಿನಲ್ಲಿ ಬಿಪಿ ಇರುವ ಐವರಲ್ಲಿ ಸುಮಾರು ನಾಲ್ವರಿಗೆ ತಕ್ಕ ಚಿಕಿತ್ಸೆಯಾಗುತ್ತಿಲ್ಲ. ಕೆಲವರಿಗೆ ಬಿಪಿ ಇರುವುದೇ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಕೆಲವರು ಗುಳಿಗೆ ಶುರು ಮಾಡಿಲ್ಲ. ಶುರು ಮಾಡಿದವರಲ್ಲಿ ಎಷ್ಟೋ ಜನ ಬಿಟ್ಟಿದ್ದಾರೆ. ಈ ಮನವಿ ಮುಖ್ಯವಾಗಿ ಬಿಟ್ಟವರಿಗೆ, ಬಿಡಬೇಕೆಂದಿರುವವರಿಗೆ, ಮತ್ತು ಅವರ ಮನೆಯವರಿಗೆ.

ಆರಾಮ ಅನಿಸಿದ ಮಾತ್ರಕ್ಕೆ

"ತಲಿ ನೋಯಂಗಿಲ್ಲ, ಕಣ್ಣು ಮಂಜಾಗಂಗಿಲ್ಲ, ಗಟ್ಟಿ ಅದೀನಿ. ಗುಳಿಗಿ ಯಾಕ ನುಂಗಬೇಕ್ರಿ?" ದವಾಖಾನೆಯ ಸಾಲಿನಲ್ಲಿ ಇದಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇಲ್ಲ. ಪ್ರಶ್ನೆ ಕೇಳುವವರ ತಪ್ಪಿಲ್ಲ. ಜ್ವರ ಬಂದರೆ ಮೈ ಸುಡುತ್ತದೆ, ಹಲ್ಲು ಕೆಟ್ಟರೆ ನಿದ್ದೆ ಹೋಗುತ್ತದೆ. ಬಿಪಿ ಮಾತ್ರ ವರ್ಷಗಟ್ಟಲೆ ಸುಮ್ಮನಿದ್ದು ಒಳಗೊಳಗೇ ಕೆಲಸ ಮಾಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಅಳತೆ ಮೀರಿ ನೀರು ಬಿಟ್ಟರೆ ಏರಿ ಮೊದಲ ದಿನವೇ ಒಡೆಯುವುದಿಲ್ಲ. ಒಳಗಿನ ಮಣ್ಣು ಸವೆಯುತ್ತಾ ಹೋಗುತ್ತದೆ, ಒಡೆಯುವುದು ಒಂದು ರಾತ್ರಿ. ಮಿದುಳಿನ, ಹೃದಯದ, ಮೂತ್ರಪಿಂಡದ ಸಣ್ಣ ರಕ್ತನಾಳಗಳ ಪಾಡೂ ಅದೇ.

"ಒಮ್ಮಿ ಚಾಲೂ ಮಾಡಿದ್ರ ಸಾಯೋತನಕ ಬಿಡಾಕ ಬರಂಗಿಲ್ಲಂತ" ಎನ್ನುವುದು ಎರಡನೆಯ ಮಾತು. ಬಿಪಿ ಗುಳಿಗೆ ಗುಟ್ಕಾದಂತೆ ಚಟ ಹಿಡಿಸುವ ವಸ್ತುವಲ್ಲ. ಹೋಗದೆ ಉಳಿಯುವುದು ಕಾಯಿಲೆ; ಅದು ಇರುವ ತನಕ ಮದ್ದೂ ಇರಬೇಕು, ಅಷ್ಟೆ. ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ, ಕುಡಿತ ಬಿಟ್ಟು ನಡೆದವರಿಗೆ ಡೋಸ್ ಕಡಿಮೆಯಾದದ್ದೂ ಉಂಟು. ಆದರೆ ಕಡಿಮೆ ಮಾಡಿದ್ದು ಡಾಕ್ಟರು, ಅಳತೆ ನೋಡಿ. ಗುಳಿಗೆ ನುಂಗಿದ ಮೇಲೆ 130 ಬಂತೆಂದರೆ ಬಿಪಿ ಹೋಯಿತೆಂದಲ್ಲ, ಗುಳಿಗೆ ಕೆಲಸ ಮಾಡುತ್ತಿದೆ ಎಂದು. ಅದೇ ದಿನ ಗುಳಿಗೆ ನಿಲ್ಲಿಸಿದರೆ ಕೆಲವೇ ದಿನ, ವಾರಗಳಲ್ಲಿ ಒತ್ತಡ ಮತ್ತೆ ಹಳೆಯ ಜಾಗಕ್ಕೇ ಏರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್‌ನಂಥ ಮದ್ದುಗಳನ್ನು ದಿಢೀರನೆ ನಿಲ್ಲಿಸಿದರಂತೂ ಎದೆಬಡಿತ, ಎದೆನೋವು, ಹಠಾತ್ ಬಿಪಿ ಏರಿಕೆ ಬೆನ್ನು ಹತ್ತಬಹುದು.

ಈ ಗುಳಿಗೆಗಳು ಇಲ್ಲದ ಕಾಲ ಹೇಗಿತ್ತೆಂದು ತಿಳಿಯಲು ಬಹಳ ಹಿಂದೆ ಹೋಗಬೇಕಿಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಬಿಪಿ 300/190 ಇತ್ತು. ಅದು ವರ್ಷಗಳಿಂದ ಏರುತ್ತಿದ್ದದ್ದು ವೈದ್ಯರಿಗೆ ಗೊತ್ತಿತ್ತು, ಆದರೆ ಅವರ ಕೈಯಲ್ಲಿ ಪರಿಣಾಮಕಾರಿ ಮದ್ದು ಇರಲಿಲ್ಲ. ಜಗತ್ತಿನ ಅತಿ ಬಲಿಷ್ಠ ದೇಶದ ಅಧ್ಯಕ್ಷನಿಗೆ ಸಿಗದಿದ್ದ ಮದ್ದು ಇವತ್ತು ಗಬ್ಬೂರಿನ ರೈತನಿಗೂ ಪೋತ್ನಾಳದ ಕೂಲಿ ಹೆಂಗಸಿಗೂ ಇದೆ. ಮೇಲಿನ ಬಿಪಿಯನ್ನು ಬರೀ 10 ಅಂಕ ಇಳಿಸಿದರೆ ಲಕ್ವದ ಅಪಾಯ ಸುಮಾರು ಕಾಲುಭಾಗ ತಗ್ಗುತ್ತದೆ ಎಂದು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ತೋರಿಸಿದೆ. ಕೈಗೆ ಬಂದದ್ದನ್ನು ಬಿಡುವುದು ಬೇಡ.

ಮನೆಯ ಗುಳಿಗೆ ಚೀಲ ಬಿಚ್ಚಿ ನೋಡಿ

ನಮ್ಮ ಮನೆಗಳಲ್ಲಿ ಗುಳಿಗೆ ಇರುವುದು ಟಿವಿ ಮೇಲೋ, ಜಗಲಿಯ ಗೂಡಿನಲ್ಲೋ, ಮೊಳೆಗೆ ತೂಗುಹಾಕಿದ ಕ್ಯಾರಿಬ್ಯಾಗಿನಲ್ಲೋ. ಒಮ್ಮೆ ಆ ಚೀಲವನ್ನು ಚಾಪೆಯ ಮೇಲೆ ಸುರುವಿ ನೋಡಿ. ಕತ್ತರಿಯಿಂದ ಕತ್ತರಿಸಿಕೊಟ್ಟ ಐದೈದು ಗುಳಿಗೆಯ ತುಂಡು ಪಟ್ಟಿಗಳಿರುತ್ತವೆ. ಹೆಸರಿರುವ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ, ಅವಧಿ ಮುಗಿಯುವ ತಾರೀಖು ಕತ್ತರಿಯಲ್ಲಿ ಎರಡು ಹೋಳಾಗಿರುತ್ತದೆ. ಹೋದ ವರ್ಷ ಕೆಮ್ಮಿಗೆ ಕೊಟ್ಟ ಬಾಟಲಿಯ ತಳದಲ್ಲಿ ಅರ್ಧ ಇಂಚು ಔಷಧಿ, ಅಪ್ಪನ ಸಕ್ಕರೆ ಗುಳಿಗೆಯ ಜೊತೆ ಅವ್ವನ ಬಿಪಿ ಗುಳಿಗೆ, ರಾಯಚೂರಿನ ಖಾಸಗಿ ಡಾಕ್ಟರು ಬರೆದದ್ದರ ಜೊತೆ ಸರ್ಕಾರಿ ದವಾಖಾನೆಯವರು ಕೊಟ್ಟದ್ದು. ಯಾವುದು ಯಾವುದಕ್ಕೆಂದು ಕೇಳಿದರೆ, "ಈ ಕೆಂಪಂದು ಬಿಪಿದು, ಈ ಬಿಳಿದು ಗ್ಯಾಸಿಂದು" ಎಂಬ ಉತ್ತರ ಬರುತ್ತದೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಬಣ್ಣ ನಂಬಿ ಗುಳಿಗೆ ನುಂಗಬೇಡಿ.

ನೋಡಬೇಕಾದದ್ದು ಮದ್ದಿನ ಮೂಲ ಹೆಸರು. ಸ್ಟಾಮ್ಲೊ, ಆಮ್ಲಾಂಗ್ ಎಂದು ಪಟ್ಟಿಯ ಮೇಲೆ ಬೇರೆಬೇರೆ ಹೆಸರಿದ್ದರೂ ಎರಡರಲ್ಲಿಯೂ ಇರುವುದು ಆಮ್ಲೊಡಿಪಿನ್ ಒಂದೇ. ಖಾಸಗಿಯವರು ಒಂದು ಹೆಸರಿನಲ್ಲಿ ಬರೆದು, ಸರ್ಕಾರಿಯವರು ಮೂಲ ಹೆಸರಿನಲ್ಲಿ ಕೊಟ್ಟು, ಎರಡನ್ನೂ ನುಂಗಿದರೆ ಡೋಸ್ ಇಮ್ಮಡಿಯಾಯಿತು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಬಂದು ಬೀಳುವ ಹಿರಿಯರಲ್ಲಿ ಕೆಲವರ ಕಥೆ ಇಷ್ಟೇ ಇರಬಹುದು. ಎರಡು ಮದ್ದು ಸೇರಿಸಿ ಮಾಡಿದ ಗುಳಿಗೆಗಳೂ ಇವೆ: ಟೆಲ್ಮಿಸಾರ್ಟನ್ ಜೊತೆ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಮದ್ದು. ಪೆಟ್ಟಿಗೆಯ ಮೇಲೆ ಹೆಸರಿನ ಪಕ್ಕದ ಒಂದೆರಡು ಇಂಗ್ಲಿಷ್ ಅಕ್ಷರದಲ್ಲಷ್ಟೇ ವ್ಯತ್ಯಾಸ. 40 ಮಿಲಿಗ್ರಾಂ ಬರೆದಲ್ಲಿ 80 ಬಂದರೂ ಗಮನಕ್ಕೆ ಬರುವುದಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಮಗನೋ ಮಗಳೋ ಇದ್ದರೆ ಈ ಕೆಲಸ ಅವರಿಗೆ ಒಪ್ಪಿಸಿ. ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದಿ, ದಪ್ಪ ಕಾಗದದ ಮೇಲೆ ಕನ್ನಡದಲ್ಲಿ ಮದ್ದಿನ ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ ಎಂದು ಬರೆಯಲಿ. ಅಂಗಡಿಯಲ್ಲಿ ಹೊಸ ಪಟ್ಟಿ ಕೊಟ್ಟಾಗ ಆ ಕಾಗದದ ಜೊತೆ ಹೋಲಿಸಿ ನೋಡಲಿ.

ಇಡುವ ಜಾಗವೂ ಮುಖ್ಯ. ಏಪ್ರಿಲ್-ಮೇನಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ತಗಡಿನ ಮನೆಯೊಳಗಿನ ಕಾವು ಬೇರೆ. ಬಹುಪಾಲು ಗುಳಿಗೆಗಳ ಪಟ್ಟಿಯ ಮೇಲೆ 25 ಅಥವಾ 30 ಡಿಗ್ರಿಗಿಂತ ಕಡಿಮೆ ಶಾಖದಲ್ಲಿಡಿ ಎಂದು ಬರೆದಿರುತ್ತದೆ. ಕಿಟಕಿ, ಟಿವಿ, ಬೈಕಿನ ಡಿಕ್ಕಿ, ಒಲೆಯ ಮೇಲಿನ ಗೂಡು ಬೇಡ. ಗೋಡೆಯ ತಣ್ಣನೆ ಬದಿಯಲ್ಲಿ, ತೇವ ತಾಗದ, ಮಕ್ಕಳ ಕೈಗೆ ಎಟುಕದ ಡಬ್ಬಿಯಲ್ಲಿಡಿ. ಆಮ್ಲೊಡಿಪಿನ್‌ಗೆ ಬೆಳಕೂ ಆಗುವುದಿಲ್ಲ, ಹಾಗಾಗಿ ಗುಳಿಗೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ ಒಂದೇ ಬಾಟಲಿಗೆ ತುಂಬಬೇಡಿ. ಮತ್ತೊಬ್ಬರ ಗುಳಿಗೆ, "ಅವರಿಗೂ ಬಿಪಿನೇ, ನನಗೂ ಬಿಪಿನೇ" ಎಂದು ತಗೊಳ್ಳಬೇಡಿ. ಅವರ ಕಿಡ್ನಿ ಬೇರೆ, ನಿಮ್ಮ ಕಿಡ್ನಿ ಬೇರೆ. ಅವರಿಗೆ ಆಸ್ತಮಾ ಇಲ್ಲ, ನಿಮಗಿರಬಹುದು; ಅಟೆನೊಲಾಲ್‌ನಂಥ ಗುಳಿಗೆ ಆಸ್ತಮಾ ಇರುವವರಿಗೆ ಅಪಾಯ.

ಒಂದು ಹೊತ್ತು ಮರೆತರೆ ಗಾಬರಿ ಬೇಡ. ಅದೇ ದಿನ ನೆನಪಾದರೆ ಆಗಲೇ ತಗೊಳ್ಳಿ. ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಹೋದದ್ದು ಹೋಯಿತೆಂದು ಬಿಡಿ. ಎರಡು ದಿನದ್ದನ್ನು ಒಟ್ಟಿಗೆ ನುಂಗಬೇಡಿ.

ಮೈಕೈ ನೋವಿನ ಗುಳಿಗೆ, ಸೂಜಿ

ಭತ್ತ ನಾಟಿ ಮಾಡಿ ಬಂದ ಹೆಂಗಸಿಗೆ ಸೊಂಟ, ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತ ಹಮಾಲನಿಗೆ ಬೆನ್ನು, ಹತ್ತಿ ಬಿಡಿಸಿದವರಿಗೆ ಕತ್ತು, ಎಲ್ಲರಿಗೂ ಮೊಣಕಾಲು. ಸಂಜೆ ಮೆಡಿಕಲ್ ಅಂಗಡಿಗೆ ಹೋಗಿ "ಮೈಕೈ ನೋವಿಂದು ಎರಡು ಗುಳಿಗಿ ಕೊಡ್ರಿ" ಎಂದರೆ ಕೈಗೆ ಬರುವುದು ಹೆಚ್ಚಾಗಿ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಇಂಥವು. ಬಿಪಿ ಇರುವವರಿಗೆ ಇವು ಒಳಗಿನ ಶತ್ರು. ಇವು ದೇಹದಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ, ಬಿಪಿ ಏರಿಸುತ್ತವೆ, ಬಿಪಿ ಗುಳಿಗೆಯ ಕೆಲಸ ಕೆಡಿಸುತ್ತವೆ. ಟೆಲ್ಮಿಸಾರ್ಟನ್ ಅಥವಾ ಎನಾಲಾಪ್ರಿಲ್, ಅದರ ಜೊತೆ ಮೂತ್ರದ ಗುಳಿಗೆ, ಅದರ ಮೇಲೆ ದಿನಾ ನೋವಿನ ಗುಳಿಗೆ: ಈ ಮೂರು ಒಂದಾದರೆ ಕಿಡ್ನಿಗೆ ದೊಡ್ಡ ಪೆಟ್ಟು. ಬಿಸಿಲಿನಲ್ಲಿ ಬೆವರು ಸುರಿಸಿ ಮೈ ಒಣಗಿದ ದಿನವಂತೂ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ನೋವು ಸಹಿಸಿಕೊಂಡೇ ಇರಬೇಕೆ? ಬೇಡ. ಬಿಪಿ ಇರುವ ಬಹುತೇಕ ಜನರಿಗೆ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಇವುಗಳಿಗಿಂತ ಸುರಕ್ಷಿತ. ಬಿಸಿನೀರಿನ ಶಾಖ, ಹಚ್ಚುವ ಮುಲಾಮು, ಎರಡು ದಿನದ ವಿಶ್ರಾಂತಿ ಇವೆ. ನೋವು ಹೋಗದಿದ್ದರೆ, "ನನಗೆ ಬಿಪಿ ಐತ್ರಿ, ಈ ಗುಳಿಗಿ ತಗೋತೀನಿ" ಎಂದು ಮೊದಲೇ ಹೇಳಿ ಡಾಕ್ಟರಿಂದ ಬರೆಸಿಕೊಳ್ಳಿ. ನೆಗಡಿಯ ಗುಳಿಗೆ ಕೊಳ್ಳುವಾಗಲೂ ಇದೇ ಮಾತು ಹೇಳಿ. ಮೂಗು ಬಿಡಿಸುವ ಫಿನೈಲ್‌ಎಫ್ರಿನ್‌ನಂಥ ಮದ್ದು ಬಿಪಿ ಏರಿಸಬಲ್ಲದು.

ಊರಲ್ಲಿ ಸೂಜಿ ಮಾಡುವವರ ಹತ್ತಿರ ಹೋದರೆ ತಕ್ಷಣ ಆರಾಮ ಅನಿಸುವುದು ನಿಜ. ಆ ಸೂಜಿಯಲ್ಲಿ ನೋವಿನ ಮದ್ದಿರಬಹುದು, ಸ್ಟಿರಾಯ್ಡ್ ಇರಬಹುದು. ಸ್ಟಿರಾಯ್ಡ್ ಬಿಪಿಯನ್ನೂ ಏರಿಸುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ಸುಸ್ತು ಎಂದು ಸಲಾಯನ್ ಹಚ್ಚಿಸಿಕೊಂಡರೆ ಒಂದು ಬಾಟಲಿಯಲ್ಲಿ ಹೆಚ್ಚೂಕಡಿಮೆ ಒಂದು ಚಮಚ ಉಪ್ಪು ಸೀದಾ ರಕ್ತಕ್ಕೆ ಹೋಗುತ್ತದೆ. ಏನು ಚುಚ್ಚುತ್ತಿದ್ದೀರಿ ಎಂದು ಕೇಳಿ. ಹೆಸರು ಹೇಳದವರ ಸೂಜಿ ಬೇಡ.

ಬೇರು, ಕಷಾಯಗಳ ಮಾತಿಗೂ ಇಲ್ಲೇ ಬರೋಣ. "ಗಿಡಮೂಲಿಕೆಗೆ ಸೈಡ್ ಇಫೆಕ್ಟ್ ಇಲ್ಲ" ಎನ್ನುತ್ತಾರೆ. ಬಿಪಿ ಇಳಿಸುವ ಆಧುನಿಕ ಮದ್ದುಗಳಲ್ಲಿ ಮೊದಮೊದಲಿನದೊಂದು ನಮ್ಮ ನೆಲದ ಬೇರಿನಿಂದಲೇ ಬಂತು. ಅದು ಸರ್ಪಗಂಧ. ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತಮ್ ಜಾಲ್ ವಕೀಲ್ ಅದರ ಗುಣವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತಿನ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು, ದೇಶವಿದೇಶದಲ್ಲಿ ಬಳಸಿದರು. ಪ್ರಮಾಣ ಹೆಚ್ಚಾದವರಲ್ಲಿ ಮನಸ್ಸು ಕುಗ್ಗುವ ತೊಂದರೆ ಕಂಡಾಗ ಡೋಸ್ ಇಳಿಸಿದರು, ಕ್ರಮೇಣ ಬೇರೆ ಮದ್ದಿಗೆ ಹೋದರು. ಬಿಪಿ ಇಳಿಸುವ ಶಕ್ತಿಯಿರುವ ಬೇರಿಗೆ ತೊಂದರೆ ಕೊಡುವ ಶಕ್ತಿಯೂ ಇರುತ್ತದೆ. ಗಂಟಲಿಗೆಂದು ದಿನವೂ ಜಗಿಯುವ ಜ್ಯೇಷ್ಠಮಧು ಬಿಪಿ ಏರಿಸಿ ಪೊಟ್ಯಾಶಿಯಂ ಇಳಿಸಬಲ್ಲದು. ಯಾವ ಪುಡಿ, ಯಾವ ಕಷಾಯ ತಗೊಂಡರೂ ಬಿಪಿ ನೋಡುವ ಡಾಕ್ಟರಿಗೆ ಮುಚ್ಚಿಡಬೇಡಿ.

ಬೇಸಿಗೆ, ಉಪವಾಸ, ರೋಜಾ

ನಮ್ಮ ಬೇಸಿಗೆಗೆ ತಕ್ಕ ಎಚ್ಚರ ಬೇಕು. ಕ್ಲೋರ್ಥಾಲಿಡೋನ್, ಹೈಡ್ರೊಕ್ಲೋರೊಥಯಜೈಡ್‌ನಂಥ ಗುಳಿಗೆಗಳು ಮೂತ್ರದಲ್ಲಿ ಉಪ್ಪು, ನೀರು ಹೊರಗೆ ಹಾಕುತ್ತವೆ. ಬಿಸಿಲಲ್ಲಿ ದುಡಿದು ಬೆವರು ಹೋಗಿ, ಮೇಲೆ ವಾಂತಿ-ಭೇದಿಯೂ ಆದರೆ ಬಿಪಿ ಅತಿಯಾಗಿ ಇಳಿದು ಕಿಡ್ನಿಗೆ ರಕ್ತ ಸಾಲದೆ ಹೋಗಬಹುದು. ಅಂಥ ದಿನ ಡಾಕ್ಟರಿಗೋ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ ಕೇಳಿ. ಒಂದೆರಡು ದಿನ ಕೆಲವು ಗುಳಿಗೆ ತಡೆಹಿಡಿಯಲು ಅವರೇ ಹೇಳಬಹುದು. ಭೇದಿಯಾದಾಗ ಓಆರ್‌ಎಸ್ ಕುಡಿಯಲು ಹಿಂಜರಿಯಬೇಡಿ. ಆದರೆ ಎಳನೀರು, ಪೊಟ್ಯಾಶಿಯಂ ಇರುವ "ಬಿಪಿ ಉಪ್ಪು" ಇವನ್ನು ಟೆಲ್ಮಿಸಾರ್ಟನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು ಕೇಳದೆ ದಿನಾ ಬಳಸಬಾರದು. ಮಲಗಿದವರು ಒಮ್ಮೆಲೇ ಏಳಬೇಡಿ. ಮಂಚದ ಮೇಲೆ ಒಂದು ನಿಮಿಷ ಕೂತು ಏಳಿ.

ರಂಜಾನ್‌ನಲ್ಲಿ ರೋಜಾ ಇಡುವವರು ತಿಂಗಳ ಮೊದಲೇ ದವಾಖಾನೆಗೆ ಹೋಗಿ ಬನ್ನಿ. ದಿನಕ್ಕೊಂದು ಹೊತ್ತಿನ ಗುಳಿಗೆಯನ್ನು ಸಹರಿಗೋ ಇಫ್ತಾರಿಗೋ ಹೊಂದಿಸಿಕೊಡುವುದು ಕಷ್ಟವಲ್ಲ. ಮೂತ್ರದ ಗುಳಿಗೆ ಇದ್ದರೆ, ಸಕ್ಕರೆ ಕಾಯಿಲೆಯೂ ಇದ್ದರೆ ಇನ್ನಷ್ಟು ಯೋಚಿಸಬೇಕಾಗುತ್ತದೆ. ಶ್ರಾವಣ ಸೋಮವಾರ, ಏಕಾದಶಿ, ನವರಾತ್ರಿ ಮಾಡುವವರಿಗೆ ಒಂದು ಮಾತು: ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಖಾಲಿ ಹೊಟ್ಟೆಯಲ್ಲೂ ತಗೊಳ್ಳಬಹುದು. ಉಪವಾಸದ ನೆಪಕ್ಕೆ ಗುಳಿಗೆ ತಪ್ಪಿಸಬೇಡಿ.

ಉಪ್ಪು ಕಡಿಮೆ ಮಾಡದೆ ಗುಳಿಗೆ ಒಂದನ್ನೇ ನಂಬುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ, ಎಲ್ಲ ಅಡುಗೆಯೂ ಸೇರಿ. ನಮ್ಮ ಜೋಳದ ರೊಟ್ಟಿ, ಸಜ್ಜೆ ರೊಟ್ಟಿಯದು ತಪ್ಪೇನಿಲ್ಲ. ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಸೇರುವುದು ಪಕ್ಕದಲ್ಲಿ ಬಡಿಸುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಖಾರದಲ್ಲಿ, ಸಂಜೆಯ ಮಂಡಕ್ಕಿ ಒಗ್ಗರಣೆ-ಮಿರ್ಚಿಯಲ್ಲಿ. ಬಜ್ಜಿಗೆ ಹಾಕುವ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಗುಟ್ಕಾ, ಜರ್ದಾ, ಬೀಡಿ, ಸೆರೆ ಇವುಗಳ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ, ಇವತ್ತೇ ಬಿಡಿ.

ಗುಳೆ ಹೊರಡುವ ಮುನ್ನ

ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರ ಗಂಟಿನಲ್ಲಿ ಪಾತ್ರೆ, ರೊಟ್ಟಿ ಹಿಟ್ಟು, ಹಾಸಿಗೆ ಇರುತ್ತವೆ. ಗುಳಿಗೆ ಇರುವುದಿಲ್ಲ. ಊರಲ್ಲಿ ಹತೋಟಿಗೆ ಬಂದಿದ್ದ ಬಿಪಿ, ಕಟ್ಟಡದ ಕೆಲಸದಲ್ಲಿ ಮೂರು ತಿಂಗಳು ಕಳೆಯುವಷ್ಟರಲ್ಲಿ ಕೈಬಿಟ್ಟು ಹೋಗುವುದು ಹೀಗೆ. ಹೊರಡುವ ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ, "ಊರಾಗ ಇರಂಗಿಲ್ರಿ, ಹೆಚ್ಚಿಗಿ ದಿನದ್ದು ಕೊಡ್ರಿ" ಎಂದು ಕೇಳಿ. ಚೀಟಿಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮದ್ದಿನ ಮೂಲ ಹೆಸರು ಗೊತ್ತಿದ್ದರೆ ಯಾವ ರಾಜ್ಯದ ಸರ್ಕಾರಿ ದವಾಖಾನೆಯಲ್ಲೂ ಡಾಕ್ಟರಿಗೆ ಅದನ್ನು ಮುಂದುವರಿಸುವುದು ಸುಲಭ, ಜನೌಷಧಿ ಕೇಂದ್ರದಲ್ಲಿ ಕೊಳ್ಳುವುದೂ ಸುಲಭ.

ಹೆಣ್ಣುಮಕ್ಕಳಿಗೆ

ಮಗು ಬಯಸುವವರು, ಬಸುರಿಯರು ಇದನ್ನು ತಪ್ಪದೆ ಓದಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಾಪ್ರಿಲ್, ರಾಮಿಪ್ರಿಲ್ ಗರ್ಭದ ಮಗುವಿಗೆ ಹಾನಿ ಮಾಡುತ್ತವೆ. ಮುಟ್ಟು ತಪ್ಪಿದ ಕೂಡಲೇ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ತಿಳಿಸಿ. ಬಸುರಿನಲ್ಲಿ ತಗೊಳ್ಳಬಹುದಾದ ಬೇರೆ ಗುಳಿಗೆಗಳಿವೆ, ಲ್ಯಾಬೆಟಲಾಲ್, ಮೀಥೈಲ್‌ಡೋಪಾದಂಥವು, ಡಾಕ್ಟರು ಬದಲಿಸಿಕೊಡುತ್ತಾರೆ. ಹೆದರಿ ಎಲ್ಲವನ್ನೂ ಬಿಟ್ಟು ಸುಮ್ಮನಿರಬೇಡಿ. ಬಸುರಿಗೆ ಜೋರು ತಲೆನೋವು, ಕಣ್ಣು ಮಂಜು, ಮುಖ-ಕೈ ಊತ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಮನೆಯ ಹೆಣ್ಣುಮಗಳು ಎಲ್ಲರಿಗೂ ಗುಳಿಗೆ ನೆನಪಿಸಿ ತನ್ನದನ್ನು ಮರೆಯುತ್ತಾಳೆ. "ಅತ್ತಿ, ಗುಳಿಗಿ ತಗೊಂಡ್ರಿ?" ಎಂದು ಕೇಳುವ ಸೊಸೆಗೆ, "ನೀನು ತಗೊಂಡಿ ಏನವ್ವ?" ಎಂದು ತಿರುಗಿ ಕೇಳುವ ಅತ್ತೆ ಬೇಕು, ಗಂಡ ಬೇಕು.

ಅಳತೆ ಸರಿಯಿರಲಿ

ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು, ಚಹಾ ಕುಡಿದು, ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ತೋಳು ಚಾಚಿದರೆ ಬರುವ ಅಂಕಿ ಸುಳ್ಳು ಹೇಳುತ್ತದೆ. ಅಳತೆಗೆ ಅರ್ಧ ಗಂಟೆ ಮುಂಚೆ ಚಹಾ, ತಂಬಾಕು ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಲಿ, ತೋಳು ಎದೆಯ ಮಟ್ಟಕ್ಕಿರಲಿ, ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿಸಿ. ಬಹುತೇಕರಿಗೆ 140/90ಕ್ಕಿಂತ ಕೆಳಗೆ ತರುವುದು ಗುರಿ. ಸಕ್ಕರೆ, ಕಿಡ್ನಿ, ಹೃದಯದ ಕಾಯಿಲೆ ಇದ್ದವರಿಗೆ ಡಾಕ್ಟರು ಇನ್ನೂ ಕೆಳಗಿನ ಗುರಿ ಹೇಳಬಹುದು. ಅಂಕಿಯನ್ನು ತಾರೀಖಿನ ಸಮೇತ ಬರೆಸಿಕೊಳ್ಳಿ.

ಕಾಲು ಊದಿದರೆ (ಆಮ್ಲೊಡಿಪಿನ್), ಒಣಕೆಮ್ಮು ಹಿಡಿದರೆ (ಎನಾಲಾಪ್ರಿಲ್), ನಾಡಿ ನಿಧಾನವಾಗಿ ಸುಸ್ತಾದರೆ (ಅಟೆನೊಲಾಲ್) ಗುಳಿಗೆ ಬಿಸಾಡದೆ ಡಾಕ್ಟರಿಗೆ ಹೇಳಿ. ಬದಲಿ ಇದೆ. ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ, ಸಕ್ಕರೆ ನೋಡಿಸಿ.

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವದಲ್ಲಿ ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ. ದೇವದುರ್ಗ, ಮಾನ್ವಿಯಿಂದ ರಾಯಚೂರಿಗೆ ಸುಮಾರು 50 ಕಿಲೊಮೀಟರ್ ದಾರಿ, ಹಳ್ಳಿಯಿಂದ ಇನ್ನೂ ದೂರ. ಎಣ್ಣೆ ತಿಕ್ಕುತ್ತಾ, ನಾಟಿ ಮದ್ದು ಹುಡುಕುತ್ತಾ ಆ ಹೊತ್ತು ಕಳೆಯಬೇಡಿ. ಬಾಯಿಗೆ ಗುಳಿಗೆ, ನೀರು ಹಾಕಬೇಡಿ. ನಾಲಿಗೆ ಕೆಳಗೆ ನಿಫೆಡಿಪಿನ್ ಹಿಂಡಬೇಡಿ, ಬಿಪಿ ದಿಢೀರನೆ ಕುಸಿದು ಮಿದುಳಿಗೆ ಇನ್ನಷ್ಟು ಹಾನಿಯಾಗುತ್ತದೆ. ಎದೆನೋವು, ಉಸಿರುಕಟ್ಟುವಿಕೆಗೂ ಕರೆ 108ಕ್ಕೇ.

ಅಂಗಡಿಯವರಿಗೆ, ಡಾಕ್ಟರಿಗೆ, ಅಧಿಕಾರದಲ್ಲಿರುವವರಿಗೆ

ಔಷಧಿ ಅಂಗಡಿಯ ಅಣ್ಣಂದಿರೇ, ಬಿಪಿ ಗುಳಿಗೆ ಚೀಟಿ ಇಲ್ಲದೆ ಮಾರುವ ಮದ್ದಲ್ಲ. ಪಟ್ಟಿಯ ಮೇಲಿನ ಆರ್‌ಎಕ್ಸ್ ಗುರುತು ನಿಮಗೆ ಗೊತ್ತಿರುವುದೇ. ಪಟ್ಟಿ ಕತ್ತರಿಸಲೇಬೇಕಾದರೆ ಹೆಸರು, ತಾರೀಖು ಇರುವ ಭಾಗವನ್ನು ಗಿರಾಕಿಗೆ ಕೊಡಿ, ಇಲ್ಲವೇ ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡಿ. ಕಂಪನಿ ಬದಲಿಸಿದರೆ ಬಾಯಿಬಿಟ್ಟು ಹೇಳಿ. ನೋವಿನ ಗುಳಿಗೆ ಕೇಳಿದವರಿಗೆ "ಬಿಪಿ ಐತೇನ್ರಿ?" ಎಂದು ಒಂದು ಪ್ರಶ್ನೆ ಕೇಳಿದರೆ ಒಂದು ಕಿಡ್ನಿ ಉಳಿಸಿದ ಪುಣ್ಯ ನಿಮ್ಮದು.

ಡಾಕ್ಟರುಗಳೇ, ಮದ್ದಿನ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ವೈದ್ಯಕೀಯ ಪರಿಷತ್ತಿನ ನಿಯಮ ತಿದ್ದುಪಡಿಯಾಗಿದೆ. ರೋಗಿ ಬೇರೆ ಕಡೆ ಏನು ತಗೊಳ್ಳುತ್ತಿದ್ದಾನೆ ಎಂದು ನೋಡದೆ ಹೊಸ ಚೀಟಿ ಬರೆಯಬೇಡಿ.

ಜಿಲ್ಲಾಡಳಿತಕ್ಕೆ, ಶಾಸಕರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕೇಳುವುದು ಇಷ್ಟು. ಕೇಂದ್ರ ಸರ್ಕಾರ ಮತ್ತು ಐಸಿಎಂಆರ್ 2017ರಲ್ಲಿ ಶುರು ಮಾಡಿದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ಅದರ ಗುಟ್ಟು ಸರಳ: ಎಲ್ಲೆಡೆ ಒಂದೇ ಕ್ರಮದ ಕೆಲವೇ ಮದ್ದು, ಅವು ಖಾಲಿಯಾಗದಂತೆ ದಾಸ್ತಾನು, ಬರದವರಿಗೆ ಫೋನ್. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು; 30 ದಾಟಿದವರ ಬಿಪಿ, ಸಕ್ಕರೆಯನ್ನು ಮನೆಬಾಗಿಲಲ್ಲೇ ನೋಡುವುದು ಅದರ ಕೆಲಸ. ಪತ್ತೆ ಹಚ್ಚಿ ಗುಳಿಗೆ ಕೊಡದಿದ್ದರೆ ಆ ಕೆಲಸ ಅರ್ಧಕ್ಕೇ ನಿಂತಂತೆ. ಉಪಕೇಂದ್ರದವರೆಗೂ ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಖಾಲಿಯಾಗಬಾರದು. ಒಂದು ಸಲಕ್ಕೆ ಕನಿಷ್ಠ ತಿಂಗಳಿನದು ಕೊಡಬೇಕು, ಗುಳೆ ಹೋಗುವವರಿಗೆ ಇನ್ನೂ ಹೆಚ್ಚು. ಹತ್ತು ದಿನದ ಗುಳಿಗೆ ಕೊಟ್ಟು ಮತ್ತೆ ಬಾ ಎಂದರೆ ಕೂಲಿಕಾರ ಬರುವುದಿಲ್ಲ. ಅವನ ಒಂದು ದಿನದ ಕೂಲಿ ಹೋಗುತ್ತದೆ.

ಬಂಧುಗಳೇ, ಏಮ್ಸ್ ಕೇಳುವುದನ್ನು ನಿಲ್ಲಿಸಬೇಡಿ. ಅದೇ ದನಿಯಲ್ಲಿ ನಿಮ್ಮೂರ ಉಪಕೇಂದ್ರದಲ್ಲಿ ಬಿಪಿ ಗುಳಿಗೆ ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದುಕೊಡಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಸಂಶಯವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ.

ಈ ವಾರ ಮೂರು ಕೆಲಸ ಮಾಡಿ. ಮನೆಯಲ್ಲಿ 30 ದಾಟಿದ ಎಲ್ಲರ ಬಿಪಿ ನೋಡಿಸಿ. ಇರುವ ಅಷ್ಟೂ ಗುಳಿಗೆ, ಪುಡಿ, ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಸುರುವಿ, ಯಾವುದು ಇರಲಿ, ಯಾವುದು ಬೇಡ ಎಂದು ಬರೆಸಿಕೊಳ್ಳಿ. ಬಿಪಿ ಗುಳಿಗೆ ಬಿಟ್ಟಿರುವ ಒಬ್ಬ ಅಕ್ಕಪಕ್ಕದವರನ್ನು ಜೊತೆಗೆ ಕರೆದುಕೊಂಡು ಹೋಗಿ.